ಬ್ಲಾಕ್ ಮೂರು ಇಪ್ಪತ್ತು

ನಾನು ಒಂದು ಟ್ರೇಲರ್. ಲಾರಿಗಿರುವಂತೆ ನನಗೆ ತೊಟ್ಟಿಯಿಲ್ಲ, ಗೋಡೆಯಿಲ್ಲ, ಹೊದಿಕೆಯಿಲ್ಲ. ಇರುವುದೆಲ್ಲ ಬೆನ್ನು. ನಲವತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕಬ್ಬಿಣದ ಬೆನ್ನು, ಅದರ ಕೆಳಗೆ ಹನ್ನೆರಡು ಚಕ್ರ. ತಲೆ ಕೂಡ ನನ್ನದಲ್ಲ. ಎಂಜಿನ್ ಇರುವ ಮುಂಗಾಡಿ ಬಂದು ಕಚ್ಚಿಕೊಂಡರೆ ಹೋಗುತ್ತೇನೆ, ಬಿಟ್ಟುಹೋದರೆ ನಿಂತಲ್ಲೇ ನಿಲ್ಲುತ್ತೇನೆ. ನೆಲಕ್ಕೆ ಇಷ್ಟು ಹತ್ತಿರ ಇರುವುದರಿಂದ ಮನುಷ್ಯರ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ. ಅವರನ್ನು ನಾನು ಗುರುತು ಹಿಡಿಯುವುದು ಕಾಲಿನಿಂದ.

ಹುಟ್ಟಿದ್ದು ಹುಬ್ಬಳ್ಳಿಯ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ. ಹೆತ್ತವನು ಮೌಲಾಲಿ ಎಂಬ ವೆಲ್ಡರ್. ಕಾಲಿಗೆ ಹರಿದ ಬೂಟು, ಬೂಟಿನ ತುಂಬ ಕಿಡಿ ಬಿದ್ದು ಸುಟ್ಟ ಸಣ್ಣ ಸಣ್ಣ ತೂತು. ಒಂದೊಂದು ಬೆಸುಗೆ ಮುಗಿದಾಗಲೂ ಸುತ್ತಿಗೆಯಿಂದ ತಟ್ಟಿ, ಕಿವಿ ಹಚ್ಚಿ ಕೇಳುತ್ತಿದ್ದ. ಸದ್ದು ಹಿಡಿಸದಿದ್ದರೆ ಕಿತ್ತು ಮತ್ತೆ ಹಾಕುತ್ತಿದ್ದ. ಶೆಡ್ಡಿನ ಮಾಲೀಕ, "ಎಷ್ಟು ಸಲ ಕೇಳ್ತೀಯೋ, ಅದೇನು ಹಾಡ್ತೈತೇನು?" ಎಂದು ಕೆಣಕಿದರೆ ಮೌಲಾಲಿ ತಲೆಯೆತ್ತದೆ, "ಹಾಡ್ತೈತ್ರಿ. ನಿಮಗ ಕೇಳೂದಿಲ್ಲ ಅಷ್ಟ," ಎನ್ನುತ್ತಿದ್ದ. ಅಷ್ಟು ಪ್ರೀತಿಯಿಂದ ನನ್ನನ್ನು ಮುಂದೆ ಯಾರೂ ಮುಟ್ಟಲಿಲ್ಲ.

ನನ್ನನ್ನು ಮೊದಲು ಕೊಂಡವರು ಇಳಕಲ್ ಕಡೆಯ ಕಲ್ಲುಕ್ವಾರಿಯ ಧಣಿ. ಬಿಳಿ ಬೂಟು. ಆ ಬೂಟಿನ ಮೇಲೆ ದೂಳು ಕೂತಿದ್ದನ್ನು ಎಂಟು ವರ್ಷದಲ್ಲಿ ಒಮ್ಮೆಯೂ ಕಾಣಲಿಲ್ಲ. ಕ್ವಾರಿಯಲ್ಲಿ ಕೊರೆದು ತೆಗೆದ ಕೆಂಪು ಗ್ರಾನೈಟಿನ ದೊಡ್ಡ ದೊಡ್ಡ ಗುಂಡುಗಳನ್ನು ಅಲ್ಲಿ ಎಲ್ಲರೂ ಬ್ಲಾಕ್ ಎನ್ನುತ್ತಿದ್ದರು. ಪ್ರತಿ ಬ್ಲಾಕಿನ ಮೈಮೇಲೆ ಅದು ಎಷ್ಟು ಘನ ಮೀಟರ್ ಎಂದು ಬಣ್ಣದಲ್ಲಿ ಬರೆದಿರುತ್ತಿತ್ತು. ಬ್ಲಾಕ್ ಎರಡು ಎಂಬತ್ತು, ಬ್ಲಾಕ್ ನಾಲ್ಕು ಹತ್ತು. ನಾನು ಕಲಿತ ಮೊದಲ ಮಾತೇ ಅದು. ನನ್ನ ಪಕ್ಕೆಗೂ ದಪ್ಪ ಅಕ್ಷರದಲ್ಲಿ 'ಗ್ರಾನೈಟ್ ಬ್ಲಾಕ್ ಸಾಗಾಟ' ಎಂದು ಬರೆಸಿದರು.

ಒಂದು ದಿನ ಬ್ಲಾಕ್ ಇಳಿಸುವಾಗ ಹಗ್ಗ ಹರಿದು, ಸಿದ್ರಾಮ ಎಂಬ ಹಮಾಲಿಯ ಎಡಗಾಲು ಕಲ್ಲಿನಡಿ ಸಿಕ್ಕಿತು. ನನಗೆ ಅತ್ಯಂತ ಪರಿಚಯದ ಕಾಲು, ಹೆಬ್ಬೆರಳಿಗೆ ತಾಮ್ರದ ಉಂಗುರವಿದ್ದ ಕಾಲು. ಅವನನ್ನು ಜೀಪಿಗೆ ಹಾಕಿ ಕಳಿಸಿದರು. ಅವನ ಜಾಗಕ್ಕೆ ಇನ್ನೊಬ್ಬ ಬಂದ. ಎಲ್ಲ ಸೇರಿ ಇಪ್ಪತ್ತು ನಿಮಿಷ. ನಾನು ಕಂಡ ತಡಗಳಲ್ಲೆಲ್ಲ ಅದೇ ಅತ್ಯಂತ ಚಿಕ್ಕದು.

ಕ್ವಾರಿ ಮುಚ್ಚಿತು. ಒಂದೂವರೆ ವರ್ಷ ಜಾಲಿಮುಳ್ಳಿನ ನಡುವೆ ನಿಂತೆ. ಆಮೇಲೆ ಕೊಪ್ಪಳದ ಅಂದಾನಪ್ಪ ಎಂಬ ಲಾರಿ ಮಾಲೀಕರು ನನ್ನನ್ನು ಎಳೆದುಕೊಂಡು ಹೋದರು. ಅವರದು ಕಿರ್ರೆನ್ನುವ ಚರ್ಮದ ಚಪ್ಪಲಿ. ಬಣ್ಣ ಬಳಿಸಲು ಮನಸ್ಸು ಮಾಡಲಿಲ್ಲ, ಹಳೆಯ ಅಕ್ಷರ ಪಕ್ಕೆಯಲ್ಲಿ ಹಾಗೇ ಉಳಿಯಿತು. ಮುಂಗಾಡಿಯ ಸ್ಟೇರಿಂಗಿಗೆ ಬಂದವನು ಹುಲುಗಪ್ಪ. ನೀಲಿ ರಬ್ಬರ್ ಚಪ್ಪಲಿ, ಬಲಗಾಲಿನ ಪಟ್ಟಿ ಕಿತ್ತು ಅದಕ್ಕೊಂದು ಪಿನ್ನು. ಕ್ಲೀನರ್ ಇಲ್ಲ. ಚೈನು ಬಿಗಿಯುವುದೂ ಅವನೇ, ಚಕ್ರಕ್ಕೆ ಕಲ್ಲು ಕೊಡುವುದೂ ಅವನೇ, ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಳಿದು ನೋಡುವುದೂ ಅವನೇ. ಆರು ವರ್ಷ ನಾನೂ ಅವನೂ ಒಟ್ಟಿಗೆ ತಿರುಗಿದೆವು.

ಒಟ್ಟಿಗೆ ತಿರುಗಿದೆವು ಎನ್ನುವುದಕ್ಕಿಂತ ಒಟ್ಟಿಗೆ ಕಾದೆವು ಎಂದರೆ ಸರಿ. ರಸ್ತೆಯಲ್ಲಿ ಟ್ರೇಲರ್ ನೋಡಿದವರು ಇದು ಸದಾ ಓಡುತ್ತಿರುತ್ತದೆ ಎಂದುಕೊಳ್ಳುತ್ತಾರೆ. ಸುಳ್ಳು. ಗೇಟಿನ ಮುಂದೆ ಕಾಯುತ್ತದೆ, ಸಹಿಗೆ ಕಾಯುತ್ತದೆ, ಸಾಹೇಬರ ಊಟ ಮುಗಿಯಲೆಂದು ಕಾಯುತ್ತದೆ, ಊಟ ಮಾಡಿದ ಸಾಹೇಬರು ಕೈ ಒರೆಸಿಕೊಳ್ಳಲೆಂದು ಕಾಯುತ್ತದೆ. ಕಾಯುವವನಿಗೆ ನೆರಳಿಲ್ಲ, ನೀರಿಲ್ಲ, ಒಂದಕ್ಕೆ ಹೋಗಲು ಜಾಗವಿಲ್ಲ. ಕಾರ್ಖಾನೆಯ ಕಕ್ಕಸಿನ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂದು ಬರೆದಿರುತ್ತದೆ. ಅಷ್ಟು ಭಾರದ ಮಾಲನ್ನು ಊರಿಂದೂರಿಗೆ ಮುಟ್ಟಿಸುವವನು ಅವರ ಲೆಕ್ಕದಲ್ಲಿ ಸಿಬ್ಬಂದಿ ಅಲ್ಲ. ಹಾಗಾದರೆ ಅವನು ಏನು? ಈ ಪ್ರಶ್ನೆಯನ್ನು ನಾನು ಎಷ್ಟೋ ಗೇಟುಗಳ ಮುಂದೆ ಕೇಳಿಕೊಂಡಿದ್ದೇನೆ.

ಈಗ ಆ ಒಂದು ದಿನದ ಕತೆ ಹೇಳಬೇಕು. ನೆನೆದರೆ ಇವತ್ತಿಗೂ ನನ್ನ ಬೋಲ್ಟುಗಳು ಗಡಗಡ ಎನ್ನುತ್ತವೆ.

ಕೊಪ್ಪಳದ ಆಚೆ, ರೈಲು ಹಳಿಗೆ ಆತುಕೊಂಡು ಜಾಲಿಗಿಡದ ಕಾಲೊನಿ ಎಂಬುದಿದೆ. ಹುಲುಗಪ್ಪ ಅಲ್ಲಿಯವನು. ಅಂಗಡಿ, ಆಸ್ಪತ್ರೆ, ಬಸ್ಸು, ಕೆಲಸ ಎಲ್ಲ ಹಳಿಯ ಆ ಕಡೆ. ಮನೆಗಳು ಮಾತ್ರ ಈ ಕಡೆ. ಸಿಗ್ನಲ್ ಸಿಗದ ಗೂಡ್ಸ್ ಗಾಡಿಗಳು ಅಲ್ಲಿ ಗಂಟೆಗಟ್ಟಲೆ ಅಡ್ಡ ನಿಲ್ಲುತ್ತವೆ. ಜನ ಎಷ್ಟು ಹೊತ್ತು ಕಾದಾರು? ಡಬ್ಬಿಯ ಕೆಳಗೆ ನುಸುಳಿ ಆ ಕಡೆ ಹೋಗುತ್ತಾರೆ. ಹನ್ನೊಂದು ವರ್ಷದ ಹಿಂದೆ ಹುಲುಗಪ್ಪನ ತಾಯಿ ತಲೆಯ ಮೇಲೆ ಮೆಂತ್ಯಸೊಪ್ಪಿನ ಬುಟ್ಟಿ ಇಟ್ಟುಕೊಂಡು ಹಾಗೆ ನುಸುಳಿದಳು. ಬುಟ್ಟಿಯನ್ನು ಮೊದಲು ಆ ಕಡೆ ತಳ್ಳಿದಳು. ಅಷ್ಟರಲ್ಲಿ ಗಾಡಿ ಹೊರಟಿತು. ಬುಟ್ಟಿ ಉಳಿಯಿತು.

ಅಂದಿನಿಂದ ಅವನ ತಂಗಿ ದ್ಯಾಮವ್ವ ಕಾಲೊನಿಯ ಹೆಂಗಸರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಕೇಳಿದ್ದು ಒಂದೇ: ಹಳಿ ದಾಟಲು ಒಂದು ಕಾಲುಸೇತುವೆ. ಹನ್ನೊಂದು ವರ್ಷ! ಕೊನೆಗೆ ಮಂಜೂರಾಯಿತು, ಎರಡೂ ಬದಿಯ ಕಂಬ ಎದ್ದು ನಿಂತವು. ಕಂಬಗಳ ನಡುವೆ ಕೂರಿಸುವ ಉಕ್ಕಿನ ತೊಲೆ ಬರಬೇಕು. ಅದನ್ನು ಗರ್ಡರ್ ಎನ್ನುತ್ತಾರೆ. ಅದನ್ನು ಎತ್ತಿ ಕೂರಿಸುವ ಹೊತ್ತಿನಲ್ಲಿ ರೈಲು ನಿಲ್ಲಿಸಬೇಕು, ಮೇಲಿನ ತಂತಿಯ ಕರೆಂಟು ತೆಗೆಯಬೇಕು. ಹಾಗೆ ನಿಲ್ಲಿಸುವ ಹೊತ್ತಿಗೆ ರೈಲಿನವರ ಮಾತಿನಲ್ಲಿ ಬ್ಲಾಕ್ ಎಂದು ಹೆಸರು. ಆ ದಿನ ಕೊಟ್ಟಿದ್ದು ಮಧ್ಯಾಹ್ನ ಮೂರು ಇಪ್ಪತ್ತರಿಂದ ನಾಲ್ಕು ಐವತ್ತು. ಹಿಂದೆ ಎರಡು ಸಲ ಕೊಟ್ಟ ಬ್ಲಾಕ್ ಕಾಂಟ್ರಾಕ್ಟರನ ಕ್ರೇನು ಬಾರದೆ ಹಾಳಾಗಿತ್ತು. ಇದೂ ತಪ್ಪಿದರೆ ಮತ್ತೆ ಯಾವಾಗ ಎಂದು ಹೇಳುವವರೇ ಇರಲಿಲ್ಲ.

ಗರ್ಡರ್ ತಯಾರಾದದ್ದು ನಿಡಗುಂದಿ ಕಡೆಯ ಒಂದು ಯಾರ್ಡಿನಲ್ಲಿ. ಹುಲುಗಪ್ಪ ಮಾಲೀಕರ ಹತ್ತಿರ ಹೋಗಿ, "ಈ ಟ್ರಿಪ್ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ನಾನs ತರತೀನಿ," ಎಂದು ಹಟ ಹಿಡಿದು ಆ ಕೆಲಸ ಪಡೆದ.

ಬೆಳಿಗ್ಗೆ ಏಳಕ್ಕೆಲ್ಲ ಗರ್ಡರ್ ನನ್ನ ಬೆನ್ನೇರಿತು. ನಲವತ್ತಾರು ಅಡಿ. ಆರು ಅಡಿ ಹಿಂದಕ್ಕೆ ಚಾಚಿದ್ದರಿಂದ ತುದಿಗೆ ಕೆಂಪು ಬಟ್ಟೆ. ಹುಲುಗಪ್ಪ ಚೈನು ಬಿಗಿದು, ಮತ್ತೆ ಬಿಗಿದು, ಒಂದು ಸಲ ಅಂಗೈಯಿಂದ ಗರ್ಡರಿನ ಮೈ ಸವರಿದ. ನೂರಾ ಹತ್ತು ಕಿಲೊಮೀಟರ್ ದಾರಿ, ಹನ್ನೊಂದಕ್ಕೆಲ್ಲ ಮುಟ್ಟಬಹುದು. ಸಲೀಸು!

ಆದರೆ ಗೇಟ್ ಪಾಸ್ ಬೇಕಲ್ಲ. ಪಾಸ್ ಮುದ್ರಿಸುವ ಯಂತ್ರ ಕೆಟ್ಟಿತ್ತು. ಕೈಯಿಂದ ಬರೆದರೆ ಸಾಹೇಬರ ಸಹಿ ಬೇಕು. ಸಾಹೇಬರು ನಾಷ್ಟಕ್ಕೆ ಹೋಗಿದ್ದರು.

"ಯಾವಾಗ ಬರತಾರ್ರಿ?" ಹುಲುಗಪ್ಪ ಗೇಟಿನ ಗಾರ್ಡನ್ನು ಕೇಳಿದ.

"ನಾಷ್ಟಾ ಮುಗದ ಮ್ಯಾಲ."

"ಏನು ತಿನ್ನಾಕ ಹೋಗ್ಯಾರ್ರಿ, ಹೋಳಗಿಯೇನು? ಎರಡು ತಾಸಾತು!"

"ನನಗೇನು ಕೇಳತೀಯೋ ಮಾರಾಯ. ನಾನೂ ಮುಂಜಾನಿಂದ ಚಾ ಕುಡದಿಲ್ಲ."

ಒಂಬತ್ತೂಮುಕ್ಕಾಲಿಗೆ ಗುಮಾಸ್ತ ಪಾಸು ಬರೆಯಲು ಕೂತ. ಆಗಲೇ ಸೇತುವೆಯ ಜಾಗದಿಂದ ಎಂಜಿನಿಯರರ ಫೋನು. ಅವರು ಅವಸರದಲ್ಲಿ, "ಬ್ಲಾಕ್ ಮೂರು ಇಪ್ಪತ್ತು, ಪಾಸಿನ ಮೇಲೆ ದಪ್ಪಕ್ಷರದಲ್ಲಿ ಬರೀರಿ, ದಾರಿಯಲ್ಲಿ ಯಾರೂ ನಿಲ್ಲಿಸಬಾರದು," ಎಂದು ಕೂಗಿದರು. ಗುಮಾಸ್ತ ಬರೆದ. ದಪ್ಪಕ್ಷರದಲ್ಲೇ ಬರೆದ. ಆದರೆ ಬರೆದದ್ದು 'ಮಾಲಿನ ವಿವರ' ಎಂಬ ಸಾಲಿನ ಮುಂದೆ. ಗರ್ಡರ್ ಎಂದು ಇರಬೇಕಾದ ಕಡೆ ಈಗ 'ಬ್ಲಾಕ್ 3.20' ಎಂದಿತ್ತು. ಹುಲುಗಪ್ಪ ಪಾಸು ನೋಡಿದ. ಅವನ ತಲೆಯ ತುಂಬ ಮೂರು ಇಪ್ಪತ್ತೇ ಇದ್ದುದರಿಂದ ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಹೊರಟೆವು. ಹೆದ್ದಾರಿಗೆ ಬಂದು ಇನ್ನೇನು ವೇಗ ಹಿಡಿಯಬೇಕು, ಪೊಲೀಸರು ಕೈ ಅಡ್ಡ ಹಿಡಿದರು. ಯಾರೋ ದೊಡ್ಡವರು ಬರುತ್ತಿದ್ದಾರಂತೆ, ದೊಡ್ಡ ಗಾಡಿಗಳೆಲ್ಲ ಪಕ್ಕಕ್ಕೆ. ನಲವತ್ತು ನಿಮಿಷ ನಿಂತೆವು. ಆಮೇಲೆ ಹದಿನೇಳು ಕಾರು ಸುಂಯ್ಯೆಂದು ಹೋದವು. ಅವುಗಳ ಗಾಳಿಗೆ ನನ್ನ ಬಾಲದ ಕೆಂಪು ಬಟ್ಟೆ ಪಟಪಟ ಬಡಿಯಿತು. ಹೋಗುವವರಿಗೆ ನಾವು ಬಾವುಟ ಬೀಸಿದಂತೆ ಕಂಡಿರಬೇಕು.

ದ್ಯಾಮವ್ವನ ಫೋನು ಬಂತು. ಹುಲುಗಪ್ಪ ನನ್ನ ಅಂಚಿಗೆ ಆತು ನಿಂತು ಮಾತಾಡಿದ.

"ಅಣ್ಣಾ, ಎಲ್ಲಿದ್ದೀ?"

"ಬರಾಕತ್ತೀನವ್ವ. ದಾರ್ಯಾಗ ಅದೀನಿ."

"ಉಂಡೇನು?"

"ಈಗ ಉಣ್ಣೂ ಮಾತು ಬಿಡು. ಕ್ರೇನ್ ಬಂತೇನು, ಅದನ್ನ ಹೇಳು."

"ಬಂದೈತಿ! ಕ್ರೇನ್ ನೋಡಾಕ ಊರಿಗೆ ಊರs ಕುಂತೈತಿ. ನೀ ಬಂದ್ರ ಸಾಕು."

ಇಳಕಲ್ ದಾಟಿದ ಮೇಲೆ ಕಲ್ಲಿನ ಗಾಡಿಗಳನ್ನು ತಪಾಸಿಸುವ ಒಂದು ಚೆಕ್‌ಪೋಸ್ಟ್ ಸಿಕ್ಕಿತು. ಹನ್ನೆರಡೂವರೆ. ಕರಿ ಬೂಟಿನ ಗಾರ್ಡ್ ಪಾಸು ಇಸಿದುಕೊಂಡು ಓದಿದ.

"ಬ್ಲಾಕ್. ಮೂರು ಪಾಯಿಂಟ್ ಇಪ್ಪತ್ತು ಘನ ಮೀಟರ್. ಪರ್ಮಿಟ್ ತೋರಸು."

"ಎದರದ್ದು ಪರ್ಮಿಟ್ರಿ?"

"ಕಲ್ಲಿಂದು."

"ಕಲ್ಲೆಲ್ಲೈತ್ರಿ ಸಾಹೇಬ್ರ? ಇದು ಗರ್ಡರ್. ಸೇತುವಿದು."

"ಅದನ್ನs ನಾನೂ ಕೇಳಾಕತ್ತೀನಿ. ಪಾಸಿನ್ಯಾಗ ಬ್ಲಾಕ್ ಐತಿ, ಗಾಡಿ ಮ್ಯಾಲ ಇಲ್ಲ. ಬ್ಲಾಕ್ ಎಲ್ಲಿ ಇಳಿಸಿ ಬಂದಿ?"

"ಅದು ಕಲ್ಲಲ್ರಿ, ಟೈಮ್! ಮೂರು ಇಪ್ಪತ್ತಕ್ಕ ಬ್ಲಾಕ್ ಐತಿ."

"ಮೂರು ಇಪ್ಪತ್ತಕ್ಕ ಕಲ್ಲು ಬರತೈತೇನು, ರೈಲು ಬಂದಂಗ?"

"ರೈಲು ಬರೂದಿಲ್ರಿ. ಅದಕ್ಕs ಬ್ಲಾಕ್ ಅಂತಾರ!"

ಗಾರ್ಡ್ ತಲೆ ಕೆರೆದುಕೊಂಡು ಒಳಗಿನ ಸಾಹೇಬರನ್ನು ಕರೆತಂದ. ಕಂದು ಬೂಟು, ಹೊಸ ಪಾಲಿಶ್. ಸಾಹೇಬರು ನನ್ನ ಸುತ್ತ ಒಂದು ಸುತ್ತು ಹಾಕಿ, ಪಕ್ಕೆಯ ಬಳಿ ನಿಂತು ದೂಳು ಒರೆಸಿ ಓದಿದರು: ಗ್ರಾನೈಟ್ ಬ್ಲಾಕ್ ಸಾಗಾಟ. ಅಯ್ಯೋ! ನನ್ನ ಮೈಯೇ ನಮ್ಮ ವಿರುದ್ಧ ಸಾಕ್ಷಿ ನುಡಿದಿತ್ತು.

"ತೂಕ ಮಾಡ್ರಿ," ಎಂದರು ಸಾಹೇಬರು.

ತೂಕದ ಸೇತುವೆಯ ಮೇಲೆ ನಿಂತೆ. ಗಾಡಿಯ ತೂಕ ಕಳೆದು ಮಾಲು ಎಂಟು ಟನ್ ಆರುನೂರು ಕಿಲೊ. ಒಳಗೆ ಕೂತಿದ್ದ ಗುಮಾಸ್ತ ಕಾಗದದ ಮೇಲೆ ಗುಣಿಸಿ ನೋಡಿ ಕುಣಿದುಬಿಟ್ಟ. "ಸರ್! ಮೂರು ಪಾಯಿಂಟ್ ಇಪ್ಪತ್ತರ ಬ್ಲಾಕ್ ಅಂದ್ರ ಬರೋಬ್ಬರಿ ಇಷ್ಟs ತೂಗಬೇಕು. ಹೊಂದಿಕಿ ಆತು!"

ಕಣ್ಣಿಗೆ ಕಬ್ಬಿಣ, ಕಾಗದದಲ್ಲಿ ಕಲ್ಲು. ಕಚೇರಿಯಲ್ಲಿ ಗೆಲ್ಲುವುದು ಯಾವುದೆಂದು ನಾನು ಹೇಳಬೇಕಾಗಿಲ್ಲ. ಸಾಹೇಬರು ಗರ್ಡರಿನ ಪೊಳ್ಳಿನೊಳಗೆ ಟಾರ್ಚು ಬಿಟ್ಟು ನೋಡಿದರು. ನನ್ನ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದರು. ಎಂಟೂವರೆ ಟನ್ ಕಲ್ಲನ್ನು ಮನುಷ್ಯ ಎಲ್ಲಿ ಬಚ್ಚಿಡುತ್ತಾನೆ? ಲುಂಗಿಯ ಮಡಿಕೆಯಲ್ಲೇ?

ಒಂದು ಗಂಟೆ ಆಯಿತು. ಒಂದೂಕಾಲು. ಹುಲುಗಪ್ಪನ ಪಿನ್ನಿನ ಚಪ್ಪಲಿ ನನ್ನ ಪಕ್ಕದಲ್ಲಿ ಅತ್ತಿಂದಿತ್ತ ಇತ್ತಿಂದತ್ತ ಓಡಾಡಿತು. ಅವನು ದ್ಯಾಮವ್ವನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಸಾಹೇಬರ ಮುಂದೆ ಹಿಡಿದ.

"ಯಾರಮ್ಮ ನೀನು?" ಎಂದರು ಸಾಹೇಬರು.

"ಹಳಿ ಕೆಳಗ ನುಸುಳೂ ಹೆಣ್ಮಗಳ್ರಿ. ನಿಮಗೇನು ಆದೇಶ ಬೇಕು ಹೇಳ್ರಿ, ನಂಬರ್, ತಾರೀಖು ಎಲ್ಲಾ ನನಗ ಬಾಯಿಪಾಠ ಐತಿ. ಹನ್ನೊಂದು ವರ್ಷ ಇದನ್ನs ಓದೀನಿ."

ಎರಡು ನಿಮಿಷದಲ್ಲಿ ಆದೇಶದ ಫೋಟೊ ಬಂತು. ಸಾಹೇಬರು ಕನ್ನಡಕ ಏರಿಸಿ ಓದಿದರು: ಲೈನ್ ಬ್ಲಾಕ್, 15.20ರಿಂದ 16.50. ಆಮೇಲೆ ತಲೆ ಅಲ್ಲಾಡಿಸಿದರು.

"ಇದರಾಗ ಹದಿನೈದು ಇಪ್ಪತ್ತು ಐತಿ. ಪಾಸಿನ್ಯಾಗ ಮೂರು ಇಪ್ಪತ್ತು ಐತಿ. ತಾಳೆ ಆಗೂದಿಲ್ಲ."

ಇಷ್ಟು ಹೊತ್ತಿಗೆ ನಮ್ಮ ಹಿಂದೆ ಹನ್ನೊಂದು ಗಾಡಿ ಸಾಲು ನಿಂತಿದ್ದವು. ಡ್ರೈವರುಗಳೆಲ್ಲ ಇಳಿದು ಸುತ್ತ ಸೇರಿದ್ದರು. ಅವರಲ್ಲಿ ಬಿಳಿ ಗಡ್ಡದ ರಾಜಾಸಾಬ್ ಎಂಬ ಹಿರಿಯ, ಮೂವತ್ತು ವರ್ಷ ಕಲ್ಲಿನ ಗಾಡಿ ಹೊಡೆದವನು, ಮುಂದೆ ಬಂದ.

"ಸಾಹೇಬ್ರ, ಹನ್ನೆರಡರ ಮ್ಯಾಲ ಮೂರು ಎಣಿಸ್ರಿ. ಬೆರಳು ಸಾಲದಿದ್ರ ನಮ್ಮುವೂ ಅದಾವ."

ಎಲ್ಲರೂ ಗೊಳ್ಳೆಂದು ನಕ್ಕರು. ಅದೇ ತಪ್ಪಾಯಿತು. ಸಾಹೇಬರ ಮುಖ ಹೇಗಾಯಿತೋ ಕಾಣೆ, ಕಂದು ಬೂಟು ಗಟ್ಟಿಯಾಗಿ ನೆಲಕ್ಕೆ ಊರಿತು. "ಗಾಡಿ ಸೈಡಿಗೆ ಹಾಕು. ಮ್ಯಾಲಿಂದ ಕಾಗದ ಬರೋತನಕ ಬಿಡೂದಿಲ್ಲ."

ಹುಲುಗಪ್ಪ ಕೂಗಲಿಲ್ಲ, ಕಾಲು ಹಿಡಿಯಲಿಲ್ಲ. ಗರ್ಡರಿನ ಮೇಲೆ ಅಂಗೈ ಇಟ್ಟು, ಸುತ್ತಲಿನವರಿಗೆ ಒಂದೇ ಮಾತು ಹೇಳಿದ: "ಇದು ನಮ್ಮವ್ವ ಸತ್ತಲ್ಲಿಗೆ ಹೊಂಟ ಸೇತುವಿ. ಮೂರು ಇಪ್ಪತ್ತು ತಪ್ಪಿದ್ರ ಇನ್ನ ಯಾರ ಅವ್ವನ ಪಾಳಿ ಬರತೈತೋ ಗೊತ್ತಿಲ್ಲ."

ರಾಜಾಸಾಬ್ ತನ್ನ ಗಾಡಿಗೆ ನಡೆದು ಹೋಗಿ ಎಂಜಿನ್ ಬಂದ್ ಮಾಡಿದ. ಕೀಲಿ ಜೇಬಿಗಿಳಿಸಿ ಬಂದು ರಸ್ತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಇನ್ನೊಬ್ಬ ಕೂತ. ಮತ್ತೊಬ್ಬ. ಹನ್ನೊಂದು ಎಂಜಿನ್ನುಗಳು ಒಂದಾದ ಮೇಲೊಂದು ಸುಮ್ಮನಾದವು.

"ಏನಿದು? ಏಳ್ರಿ!" ಎಂದರು ಸಾಹೇಬರು.

"ಕಾಯಾಕತ್ತೀವ್ರಿ," ಎಂದ ರಾಜಾಸಾಬ್. "ದಿನಾ ನೀವು ಕಾಯಿಸ್ತೀರಿ, ನಾವು ಕಾಯ್ತೀವಿ. ಈ ಕೆಲಸ ನಮಗ ಚಲೋ ಬರತೈತಿ. ಇವನ ಗಾಡಿ ಹೋಗೂತನಕ ನಮ್ಮ ಗಾಡಿಗೂ ಅವಸರ ಇಲ್ಲ."

ಎರಡೂ ಕಡೆ ಬಸ್ಸು ನಿಂತವು, ಕಾರು ನಿಂತವು. ಹಾರ್ನು ಶುರುವಾಯಿತು. ಬಸ್ಸಿನವರು ಇಳಿದು ಬಂದು ವಿಷಯ ಕೇಳಿ, ಗರ್ಡರನ್ನು ಮುಟ್ಟಿ ನೋಡಿ, "ಇದು ಕಲ್ಲಂತ! ಕಲ್ಲಂತ!" ಎಂದು ಸಾಹೇಬರ ಕಡೆ ಕೈ ತೋರಿಸಿ ನಗತೊಡಗಿದರು. ಕಾಯಿಸುವುದನ್ನೇ ಅಧಿಕಾರ ಮಾಡಿಕೊಂಡವರಿಗೆ ಕಾಯುವುದು ಎಷ್ಟು ಕಷ್ಟ! ಮೊದಲು ಸಾಹೇಬರು ಫೋನು ಮಾಡಿದರು, ಆಮೇಲೆ ಅವರಿಗೇ ಫೋನು ಬಂತು, ಆಮೇಲೆ ಅವರ ಕೈಯ ಸೀಲು ತಾನಾಗಿಯೇ ಪಾಸಿನ ಮೇಲೆ ಬಿತ್ತು. ಎರಡು ಗಂಟೆ ಐದು ನಿಮಿಷ.

"ಓಡ್ಸಲೇ ತಮ್ಮಾ!" ಎಂದು ರಾಜಾಸಾಬ್ ನನ್ನ ಅಂಚಿಗೆ ಎರಡು ಬಾರಿಸಿದ.

ಓಡಿದೆವು! ನಾನು ಹುಟ್ಟಿದ ಮೇಲೆ ಹಾಗೆ ಓಡಿದ್ದಿಲ್ಲ. ಕುಷ್ಟಗಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಚೈನುಗಳು ಝಣಝಣ, ಹನ್ನೆರಡು ಚಕ್ರ ಭೋರ್ ಎಂದು ಒಂದೇ ರಾಗ. ಮೌಲಾಲಿ ಆಗ ಕಿವಿ ಹಚ್ಚಿದ್ದರೆ ಇಡೀ ನಲವತ್ತು ಅಡಿ ಹಾಡುವುದನ್ನು ಕೇಳುತ್ತಿದ್ದ. ಹುಲುಗಪ್ಪನಿಗೆ ನೀರು ಕುಡಿಯಲೂ ಕೈ ಬಿಡುವಿರಲಿಲ್ಲ.

ಮೂರು ಇಪ್ಪತ್ತೇಳಕ್ಕೆ ಕಾಲೊನಿಯ ಕಚ್ಚಾ ರಸ್ತೆಗೆ ತಿರುಗಿದೆವು. ಬ್ಲಾಕ್ ಶುರುವಾಗಿ ಏಳು ನಿಮಿಷ. ಕ್ರೇನಿನ ಹಳದಿ ಕತ್ತು ಕಾಣುತ್ತಿತ್ತು. ಜನರ ಕೇಕೆ ಕೇಳುತ್ತಿತ್ತು. ಮುನ್ನೂರು ಅಡಿ ಉಳಿದಿತ್ತು. ಆಗ ನನ್ನ ಎಡಗಡೆಯ ಹಿಂದಿನ ಚಕ್ರಗಳು ಹೊಸದಾಗಿ ಸುರಿದ ಸಡಿಲ ಮಣ್ಣಿನಲ್ಲಿ ಬುಸಕ್ಕನೆ ಇಳಿದವು. ಹುಲುಗಪ್ಪ ಎಳೆದ. ಚಕ್ರ ಸುತ್ತಿತು, ನಾನು ಇನ್ನಷ್ಟು ಹೂತೆ. ಹಿಂದೆ ಬಿಟ್ಟು ಮತ್ತೆ ಎಳೆದ. ಅಚ್ಚಿನ ತನಕ ಮಣ್ಣು.

ಬರಿಗಾಲುಗಳು ಓಡಿ ಬಂದವು. ಎಷ್ಟೊಂದು ಕಾಲು! ಎಲ್ಲಕ್ಕಿಂತ ಮುಂದೆ ದ್ಯಾಮವ್ವನದು, ಬೆಳ್ಳಿ ಕಾಲುಂಗುರ, ಒಡೆದ ಹಿಮ್ಮಡಿ.

"ಅಣ್ಣಾ, ಏನು ಬೇಕು?"

"ಹಲಗಿ! ಹಲಗಿ ಬೇಕವ್ವ! ಚಕ್ರದ ಬುಡಕ ಹಾಕಾಕ!"

"ಹಲಗಿ ಎಲ್ಲಿಂದ ತರೂದೋ…" ದ್ಯಾಮವ್ವ ಅರ್ಧಕ್ಕೇ ನಿಲ್ಲಿಸಿ ತಿರುಗಿ ಓಡಿದಳು. ಒಂದು ನಿಮಿಷದ ಮೇಲೆ ಅವಳೂ ಇನ್ನೊಬ್ಬಳೂ ಹೊತ್ತು ತಂದದ್ದು ಒಂದು ಬಾಗಿಲು. ಅವಳ ಮನೆಯ ಬಾಗಿಲು! ಚಿಲಕ ಇನ್ನೂ ಜೋತಾಡುತ್ತಿತ್ತು, ಮೇಲೆ ಅರಿಸಿನ ಕುಂಕುಮ ಹಾಗೇ ಇತ್ತು. ಅದನ್ನು ನೋಡಿದ್ದೇ ಉಳಿದವರು ತಂತಮ್ಮ ಮನೆಗೆ ಹಾರಿದರು. ಒಬ್ಬಳು ಗಂಡನಿಗೆ ಕೂಗುತ್ತಿದ್ದಳು: "ನೋಡ್ಕೊಂತ ಏನು ನಿಂತಿ? ಕಿತ್ತು ಕೊಡು! ಬಾಗಲಾ ಇಲ್ಲದಿದ್ರ ನಿನ್ನ ಯಾರೂ ಕದ್ದು ಒಯ್ಯೂದಿಲ್ಲ!"

ಒಂಬತ್ತು ಬಾಗಿಲು ಬಂದವು. ಒಂದರ ತುದಿಗೊಂದು ಇಟ್ಟರು. ಹುಲುಗಪ್ಪ ದ್ಯಾಮವ್ವನ ಬಾಗಿಲು ನೋಡಿ ಒಂದು ಕ್ಷಣ ಹಿಂಜರಿದ.

"ಹತ್ತಿಸೋ ಅಣ್ಣಾ! ಬಾಗಲಾ ಇನ್ನೊಂದು ಮಾಡಸೂಣು."

ಎಂಜಿನ್ ಗುಡುಗಿತು. ಹಿಂದಿನಿಂದ ನಲವತ್ತು ಐವತ್ತು ಕೈಗಳು ನನ್ನನ್ನು ದೂಡಿದವು. ಮೊದಲ ಬಾಗಿಲು ಲಟಕ್ಕೆಂದು ಮುರಿಯಿತು, ಎರಡನೆಯದು ತಡೆದುಕೊಂಡಿತು. ನಾನು ಮೇಲೆದ್ದೆ! ಆದರೆ ಏಳುವಾಗ ನನ್ನೊಳಗೂ ಏನೋ ಲಟ್ಟೆಂದಿತು. ಹಿಂದಿನ ಸ್ಪ್ರಿಂಗು ತುಂಡಾಯಿತು, ಅದರ ಮೇಲೆ ನನ್ನ ಬೆನ್ನಿನ ತೊಲೆ ಸೀಳಿತು. ಬಿದ್ದುಬಿಡುತ್ತಿದ್ದೆ. ಬೀಳಲಿಲ್ಲ. ಮೌಲಾಲಿಯ ಬೆಸುಗೆ ಹಿಡಿದುಕೊಂಡಿತ್ತು. ಕುಂಟುತ್ತಾ, ಒಂಬತ್ತು ಮನೆಯ ಹೊಸ್ತಿಲುಗಳನ್ನು ದಾಟಿ ಬಂದಂತೆ, ಕ್ರೇನಿನ ಕೆಳಗೆ ಬಂದು ನಿಂತೆ. ಮೂರು ಐವತ್ತೆರಡು.

ಎಂಜಿನಿಯರರು ಗಡಿಯಾರ ನೋಡಿದರು. "ಒಂದೂವರೆ ಗಂಟೆ ಕೆಲಸ. ಉಳಿದಿರೋದು ಐವತ್ತೆಂಟು ನಿಮಿಷ. ಆಗಲ್ಲ. ಕ್ಯಾನ್ಸಲ್ ಮಾಡೋಣ."

ದ್ಯಾಮವ್ವ ಎಂಜಿನಿಯರರ ಹತ್ತಿರ ಹೋಗಿ ಮೆಲ್ಲಗೆ, "ಸರ್, ನಮ್ಮ ಮನಿಗೋಳಿಗೆ ಬಾಗಲಾ ಇಲ್ಲ ಈಗ. ಅಲ್ಲಿಗೆ ಹ್ಯಾಂಗ ತಿರುಗಿ ಹೋಗೂದು?" ಎಂದಳು.

ಕ್ರೇನಿನ ಮೇಲಿಂದ ಆಪರೇಟರ್ ಬಸಲಿಂಗನ ದನಿ ಬಂತು. "ಸರ್, ಗಡಿಯಾರ ನೀವು ನೋಡ್ರಿ, ಕೊಕ್ಕಿ ನಾ ನೋಡತೀನಿ. ಕೆಳಗ ಕೈ ಚುರುಕಾದ್ರ ಐವತ್ತು ನಿಮಿಷ ಸಾಕು."

ಹುಲುಗಪ್ಪ ಆಗಲೇ ನನ್ನ ಬೆನ್ನೇರಿ ಚೈನು ಬಿಚ್ಚುತ್ತಿದ್ದ. ಎಂಜಿನಿಯರರು ಒಂದು ಸಲ ಹಳಿ ನೋಡಿದರು, ಒಂದು ಸಲ ಜನರನ್ನು ನೋಡಿದರು, ಹೆಲ್ಮೆಟ್ ಹಾಕಿಕೊಂಡರು. "ಎತ್ತು!"

ಗರ್ಡರ್ ನನ್ನ ಬೆನ್ನಿನಿಂದ ಎದ್ದಿತು. ಮೊದಲು ಒಂದು ಬೆರಳು, ಆಮೇಲೆ ಒಂದು ಮೊಳ, ಆಮೇಲೆ ಆಕಾಶ. ಅಷ್ಟು ಹಗುರಾದದ್ದು ನಾನು ಎಂದೂ ಇಲ್ಲ. ಕಂಬಗಳ ಮೇಲೆ ಅದು ತೂಗಿತು, ತಿರುಗಿತು, ಒಂದು ತುದಿ ಕೂತಿತು. ಇನ್ನೊಂದು ತುದಿ ನಾಲ್ಕು ಬೆರಳು ಈಚೆ ನಿಂತಿತು. ಮೇಲಿದ್ದವರು ಸಬ್ಬಲು ಹಾಕಿ ಮೀಟಿದರು. "ಇನ್ನs ಈ ಕಡೆ! ಇನ್ನs ಚೂರು! ಸಾಕೋ ಸಾಕು!" ಕಡೆಯ ಬೋಲ್ಟು ಬಿಗಿದಾಗ ನಾಲ್ಕು ನಲವತ್ತಾರು. ನಾಲ್ಕು ನಿಮಿಷ ಉಳಿದಿತ್ತು! ಆ ಕೇಕೆ, ಆ ಸಿಳ್ಳೆ! ಹುಲುಗಪ್ಪ ಮಾತ್ರ ಯಾರಿಗೂ ಹೇಳದೆ ಜಾಲಿಗಿಡಗಳ ಮರೆಗೆ ಓಡಿದ. ಬೆಳಿಗ್ಗೆ ಆರರಿಂದ ಅವನಿಗೆ ಒಂದಕ್ಕೆ ಹೋಗಲು ಯಾರೂ ಜಾಗ ಕೊಟ್ಟಿರಲಿಲ್ಲ.

ನನ್ನನ್ನು ಅಲ್ಲೇ ಪಕ್ಕದ ಬೀಳಿಗೆ ಎಳೆದು ಬಿಟ್ಟರು. ಅಂದಾನಪ್ಪನವರ ಕಿರ್ರೆನ್ನುವ ಚಪ್ಪಲಿ ಬಂದು ನನ್ನ ಸೀಳಿದ ತೊಲೆಯ ಮುಂದೆ ನಿಂತು, "ಇದು ಮುಗೀತು," ಎಂದು ಹೋಯಿತು. ಹುಲುಗಪ್ಪನಿಗೆ ಬೇರೆ ಟ್ರೇಲರ್ ಸಿಕ್ಕಿತು. ಊರಿಗೆ ಬಂದಾಗಲೆಲ್ಲ ಬಂದು ನನ್ನ ಮೇಲೆ ಕೂರುತ್ತಾನೆ. ನನ್ನ ಬೆನ್ನ ಮೇಲೆ ಈಗ ಮೆಣಸಿನಕಾಯಿ ಒಣಗುತ್ತದೆ, ಕೌದಿ ಒಣಗುತ್ತದೆ. ಒಂಬತ್ತು ಮನೆಗೂ ಹೊಸ ಬಾಗಿಲು ಬಂದಿವೆ.

ಎರಡು ತಿಂಗಳಲ್ಲಿ ಮೆಟ್ಟಿಲು ಮುಗಿಯಿತು, ಕಂಬಿ ಮುಗಿಯಿತು, ಹಸಿರು ಬಣ್ಣ ಬಳಿದರು. ಆಮೇಲೆ ಎರಡೂ ಬದಿಗೆ ಕೆಂಪು ರಿಬ್ಬನ್ ಕಟ್ಟಿ, ಫ್ಲೆಕ್ಸ್ ನಿಲ್ಲಿಸಿ ಮುಚ್ಚಿದರು. ಉದ್ಘಾಟನೆಗೆ ದೊಡ್ಡವರು ಬರಬೇಕು. ಮೊದಲು ಸೋಮವಾರ ಎಂದರು, ಆಮೇಲೆ ಮುಂದಿನ ಗುರುವಾರ ಎಂದರು, ಆಮೇಲೆ ತಿಳಿಸುತ್ತೇವೆ ಎಂದರು. ಒಂದು ತಿಂಗಳು! ಹೊಸ ಸೇತುವೆಯ ನೆರಳಿನಲ್ಲೇ ಜನ ಗೂಡ್ಸ್ ಗಾಡಿಯ ಕೆಳಗೆ ನುಸುಳುತ್ತಿದ್ದರು. ನಾನು ನೋಡುತ್ತಿದ್ದೆ. ನೋಡಿ ನೋಡಿ ತುಕ್ಕು ಹಿಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಮುದುಕಿ ಯಮನವ್ವ ತನ್ನ ಮೇಕೆಯನ್ನು ಮುಂದೆ ಬಿಟ್ಟು, ಮೊಣಕಾಲೂರಿ ಡಬ್ಬಿಯ ಕೆಳಗೆ ತಲೆ ಹಾಕಿದಳು. ದ್ಯಾಮವ್ವ ಅಲ್ಲೇ ನನ್ನ ಮೇಲೆ ಮೆಣಸಿನಕಾಯಿ ಹರಡುತ್ತಿದ್ದಳು. ಮೊರ ಎಸೆದು ಓಡಿದಳು.

"ಎವ್ವಾ, ಹೊರಗ ಬಾ."

"ಗಾಡಿ ಹೊಂಡೂದಿಲ್ಲ ತಗಿ, ಈಗ ನಿಂತೈತಿ."

"ಹೊರಗ ಬಾ ಅಂದೆ. ಮ್ಯಾಲ ಹೋಗೂಣು."

"ಮ್ಯಾಲ? ಸಾಹೇಬ್ರು ಬರಬೇಕಲ್ಲೇನು?"

"ಬರಲಿ. ಬಂದ್ರ ಅವರೂ ನಡೀಲಿ."

ಅವಳು ಮುದುಕಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಕತ್ತರಿ ಯಾರ ಹತ್ತಿರವೂ ಇರಲಿಲ್ಲ, ಬೇಕೂ ಆಗಲಿಲ್ಲ. ಗಂಟು ಬಿಚ್ಚಿದಳು. ಹಿಂದೆ ಕಾಲೊನಿ ಬಂತು. ಬುಟ್ಟಿ ಹೊತ್ತವರು, ಬುತ್ತಿ ಕಟ್ಟಿಕೊಂಡವರು, ಸುಮ್ಮನೆ ನಡೆದು ನೋಡಲು ಬಂದವರು. ಮೇಕೆ ಎಲ್ಲರಿಗಿಂತ ಮೊದಲು ಆ ಕಡೆ ಮುಟ್ಟಿತು. ಉದ್ಘಾಟನೆಯ ರಿಬ್ಬನ್ ಈಗ ಅದರ ಕೊರಳಲ್ಲಿದೆ. ಕಾಗದದಲ್ಲಿ ಆ ಸೇತುವೆ ಇವತ್ತಿಗೂ ಉದ್ಘಾಟನೆಯಾಗಿಲ್ಲವಂತೆ.

ಬರುವ ವಾರ ಗ್ಯಾಸ್ ಕಟ್ಟರ್ ತಂದು ನನ್ನನ್ನು ತುಂಡು ಮಾಡುತ್ತಾರೆ ಎಂದು ಹುಲುಗಪ್ಪ ಹೇಳಿದ. ಹೇಳುವಾಗ ಅವನ ಅಂಗೈ ನನ್ನ ಅಂಚಿನ ಮೇಲಿತ್ತು. ಮಾಡಲಿ. ಕಬ್ಬಿಣ ಕರಗಿ ಇನ್ನೇನೋ ಆಗುತ್ತದೆ. ಕೇಳುವವರಿದ್ದರೆ ಒಂದೇ ಕೋರಿಕೆ: ಗೇಟು ಮಾತ್ರ ಮಾಡಬೇಡಿ. ಗೇಟಿನ ಹೊರಗೆ ನಿಂತು ನಿಂತು ಅದರ ಮೇಲೆ ನನಗೆ ಅಷ್ಟು ಸಿಟ್ಟಿದೆ.

ಇದನ್ನು ಹೇಳುತ್ತಿರುವಾಗ ಒಂದು ಗೂಡ್ಸ್ ಗಾಡಿ ಬಂದು ಸಿಗ್ನಲ್ ಸಿಗದೆ ಅಡ್ಡ ನಿಂತಿದೆ. ನೂರಾರು ಚಕ್ರ, ಸಾವಿರಾರು ಟನ್. ಮೇಲೆ ಹಸಿರು ಸೇತುವೆಯಲ್ಲಿ ಜನ ಮಾತಾಡುತ್ತಾ ನಡೆದು ಹೋಗುತ್ತಿದ್ದಾರೆ. ಅವರ ಅಂಗಾಲು ನನಗೆ ಕಂಬಿಯ ಸಂದಿನಿಂದ ಕಾಣುತ್ತದೆ. ಕೆಳಗೆ ಗಾಡಿ ಕಾಯುತ್ತಿದೆ.

ಕಾಯಲಿ.